ಕೇಳಿದರೆ ಕೊಡಲಾಗುವುದು

ಕುಂಬಾರಕೊಪ್ಪಲಿನ ಪುಟ್ಟಲಿಂಗಮ್ಮನ ಮಗಳು ಭಾನುಪ್ರಿಯಾ ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಸುತ್ತುತ್ತಾ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳು ಅವಳ ವಿಷಯ. ಆ ಮರೆಯಾಗುವ ಗಳಿಗೆಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆದವಳು ಅವಳೇ. ಅದನ್ನಿಟ್ಟುಕೊಂಡು ಗೈಡ್ ಸುದರ್ಶನ ಅವರು ಪ್ರಬಂಧ ಪ್ರಕಟಿಸಿದರು, ಶಾಲು ಹೊದಿಸಿಕೊಂಡರು. ಪ್ರಬಂಧದ ಕೊನೆಗೆ, ಈ ಮಂದಿಯ ವಾಡಿಕೆಯಂತೆ, ಒಂದು ಸಾಲು: ಸಾಫ್ಟ್‌ವೇರನ್ನು ಕೇಳಿದರೆ ಕೊಡಲಾಗುವುದು.

ಕೇಳಿದವನು ಯೋಗೇಂದ್ರ, ಧಾರವಾಡ ಕಡೆಯ ಸಂಶೋಧಕ. ಅದೇ ಜೋಡಿಯ ಬಗ್ಗೆ ಅವನು ಮಾಡಿದ ಲೆಕ್ಕ ಇವರದಕ್ಕೆ ತಾಳೆಯಾಗುತ್ತಿರಲಿಲ್ಲ, ಕೆಲವು ನಿಮಿಷ ಆಚೀಚೆ. ಅಚ್ಚಾದದ್ದೇ ಸತ್ಯವೆಂದು ಸಂಶೋಧನಾ ಪತ್ರಿಕೆಯವರು ಅವನ ಪ್ರಬಂಧವನ್ನು ತಳ್ಳಿಹಾಕಿದ್ದರು. ಸಾಫ್ಟ್‌ವೇರ್ ಕೊಡಿ ಎಂದು ಸುದರ್ಶನರಿಗೆ ಮೇಲ್ ಮೇಲೆ ಮೇಲ್ ಬರೆದ. ಉತ್ತರವೇ ಇಲ್ಲ.

"ಸರ್, ಕಳಿಸಿಬಿಡ್ಲಾ?" ಭಾನುಪ್ರಿಯಾ ಕೇಳಿದಳು.

"ಮಾಡಿದ ಅಡುಗೆನ ಬೀದೀಲಿ ಹೋಗೋರಿಗೆಲ್ಲ ಬಡಿಸ್ತೀಯೇನಮ್ಮ? ಅದರಲ್ಲಿ ಇನ್ನೂ ಎರಡು ಪ್ರಬಂಧ ತೆಗೀಬೇಕು. ಸುಮ್ನಿರು."

ದೂರದರ್ಶಕ ಎದ್ದು ನಿಂತದ್ದು ಜನರ ತೆರಿಗೆಯಲ್ಲಿ. ನಕ್ಷತ್ರವಂತೂ ಯಾರಪ್ಪನ ಮನೆಯದೂ ಅಲ್ಲ. ಲೆಕ್ಕದ ದಾರಿ ಮಾತ್ರ ಹೊರಗಿನವರು ಮುಟ್ಟಬಾರದ ಮಡಿಬಟ್ಟೆ. ದಾರಿ ಮುಚ್ಚಿಟ್ಟು ಉತ್ತರವನ್ನಷ್ಟೇ ನಂಬಿ ಅನ್ನುವುದಾದರೆ, ಕಣಿ ಹೇಳುವವರು ಇನ್ನೇನು ಮಾಡುತ್ತಾರೆ?

ಭಾನುಪ್ರಿಯಾ ಕಳಿಸಿಯೇಬಿಟ್ಟಳು. ಮರುದಿನ ಮಧ್ಯಾಹ್ನ ಯೋಗೇಂದ್ರನ ಫೋನು.

"ಮೇಡಂ, ಭೂಮಿ ಸೂರ್ಯನ ಸುತ್ತ ಓಡಾಡೋದಕ್ಕ ಬೆಳಕು ಒಮ್ಮೆ ಲಗೂನ, ಒಮ್ಮೆ ತಡಾ ಮಾಡಿ ಮುಟ್ಟತದಲ್ರಿ, ಆ ತಿದ್ದುಪಡಿ ನೀವು ಎರಡು ಸಲ ಹಾಕೀರಿ ನೋಡ್ರಿ. ದೂರದರ್ಶಕದವರು ಫೈಲ್ ಕೊಡೂಮುಂದ ಒಮ್ಮೆ ಹಾಕೇ ಕೊಟ್ಟಿರ್ತಾರ."

ಅವಳು ಸಾಫ್ಟ್‌ವೇರ್ ತೆರೆದು ನೋಡಿದಳು. ತಪ್ಪು ತನ್ನದೇ. ನೇರ ಹೋಗಿ ಸುದರ್ಶನರಿಗೆ ಹೇಳಿದಳು.

"ಆ ಧಾರವಾಡದವನ ಮಾತು ಯಾರು ನಂಬ್ತಾರೆ? ನಿನ್ನ ಥೀಸಿಸ್‌ಗೆ ನಾನೇ ಸಹಿ ಹಾಕ್ಬೇಕು, ನೆನಪಿರಲಿ."

"ಅವರ ಕೆಲಸ ಸರಿಯಾಗಿದ್ದೂ ಕಸಕ್ಕೆ ಹೋಗ್ತಿದೆ ಸರ್."

ಸಂಜೆ ಮನೆಯಲ್ಲಿ ಪುಟ್ಟಲಿಂಗಮ್ಮ ಎಲ್ಲ ಕೇಳಿಸಿಕೊಂಡಳು. "ಇಷ್ಟು ಓದಿ ಒಂದೇ ಲೆಕ್ಕನ ಎರಡು ಸಲ ಹಾಕ್ಬುಟ್ಟೆಯಲ್ಲೇ."

"ಹಾಕ್ಬುಟ್ಟೆ ಕಣವ್ವ."

"ಸಹಿ ಹಾಕ್ದಿದ್ರೆ?"

"ಬೇರೆ ಗೈಡ್ ಹುಡುಕ್ಬೇಕು. ಸರ್ ಮಾತು ಮೀರಿ ಯಾರೂ ನನ್ನ ತಗೊಳಲ್ಲ."

ಅಷ್ಟು ಹೇಳಿ ಲ್ಯಾಪ್‌ಟಾಪ್ ತೆರೆದಳು. ತಿದ್ದಿದ ಸಾಫ್ಟ್‌ವೇರನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲಕ್ಕೆ ಹಾಕಿ, ಆದ ತಪ್ಪನ್ನು ತನ್ನ ಹೆಸರಿನ ಸಮೇತ ಮೇಲೆಯೇ ಬರೆದು, ಪತ್ರಿಕೆಗೂ ತಿಳಿಸಿದಳು.

ಯೋಗೇಂದ್ರನ ಪ್ರಬಂಧ ಒಪ್ಪಿಗೆಯಾಯಿತು. ಭಾನುಪ್ರಿಯಾ ಇವತ್ತಿಗೂ ಗೈಡ್ ಹುಡುಕುತ್ತಿದ್ದಾಳೆ. ಸುದರ್ಶನರ ಹೊಸ ವಿದ್ಯಾರ್ಥಿ, ಸರ್ ಹೇಳಿದಂತೆಯೇ, ಅವಳ ಆ ತಿದ್ದಿದ ಸಾಫ್ಟ್‌ವೇರನ್ನು ಇಳಿಸಿಕೊಂಡು ಮುಂದಿನ ಪ್ರಬಂಧ ಬರೆಯುತ್ತಿದ್ದಾನೆ.