ತಟ್ಟೆಯಲ್ಲಿ ಎರಡು ಚುಕ್ಕೆ

ಡಾಟ್-ಕಾಮ್ ಕುಸಿತದಲ್ಲಿ ಕೆಲಸ ಹೋಗಿ ಎದುರು ಮನೆ ಆಂಟಿ ಮಂಡ್ಯಕ್ಕೆ ಮರಳಿದರು ಅಂತ ನಮ್ಮವರೆಲ್ಲ ಹೇಳುತ್ತಾರೆ. ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂದಾಗ ಅಮ್ಮನೂ ಅದನ್ನೇ ಹೇಳಿದಳು. ನಾನು ಒಪ್ಪುವುದಿಲ್ಲ. ಅವರು ಹೊರಟಾಗ ಕುಸಿತ ಶುರುವಾಗಿರಲೇ ಇಲ್ಲ. ಅವರ ಲ್ಯಾಬು ಹೊಸಬರನ್ನು ತೆಗೆದುಕೊಳ್ಳುತ್ತಲೇ ಇತ್ತು.

ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಕ್ಕೆ ಈಸ್ಟು ಹಾಕಿದ ಆಹಾರ ಬೇಯಿಸುತ್ತಿದ್ದರು. ಆ ಈಸ್ಟಿನ ವಾಸನೆ... ಆಂಟಿಯ ಸ್ವೆಟರಿಗೂ ಅದೇ ವಾಸನೆಯಿತ್ತು.

ಆಗ ನಾವು ಅಮೆರಿಕದ ನೆವಾರ್ಕಿನಲ್ಲಿದ್ದೆವು, ನಾನು ಹೈಸ್ಕೂಲಿನಲ್ಲಿ. ಆಂಟಿಗೆ ಒಂದು ಬಯೋಟೆಕ್ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನಡುಮಧ್ಯದಲ್ಲಿ ಒಡೆದು ಎರಡಾಗುತ್ತದೆ. ಆ ವಿಭಜನೆಯ ಜೀನಿಗೆ ಆಂಟಿ ಒಂದು ಸ್ವಿಚ್ಚು ಕೂರಿಸಿದ್ದರು. ಒಂದು ಬಗೆಯ ಸಕ್ಕರೆ ಹಾಕಿದರೆ ಜೀನು ಮಿತಿಮೀರಿ ಕೆಲಸಮಾಡಿ, ಕೋಶ ತುದಿಯಲ್ಲಿ ತುಂಡಾಗುತ್ತಿತ್ತು. ಹಾಗೆ ಉದುರಿದ ಪುಟ್ಟ ಮಿನಿಸೆಲ್ಲಿನಲ್ಲಿ ಕ್ರೋಮೋಸೋಮು ಇರುವುದಿಲ್ಲ. ಕೆಲಕಾಲ ಬದುಕುತ್ತದೆ, ಮರಿ ಹಾಕುವುದಿಲ್ಲ. ಅದರಿಂದ ಲಸಿಕೆ ಮಾಡಬೇಕೆಂಬುದು ಕಂಪನಿಯ ಆಸೆ.

ಒಂದು ಶನಿವಾರ ಆಂಟಿ ನಮ್ಮ ಅಡುಗೆಮನೆಗೆ ಬಂದು ಕೂತರು. ಶುದ್ಧ ಮಿನಿಸೆಲ್ಲೆಂದು ಹೊರಗೆ ಕಳಿಸಬೇಕಾದ ಮಾದರಿಯನ್ನು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಅಗರ್ ತಟ್ಟೆಗೆ ಬಳಿದಿದ್ದರಂತೆ. ಏನೂ ಬೆಳೆಯಬಾರದಿತ್ತು. ಎರಡು ಚುಕ್ಕೆ ಬೆಳೆದಿದ್ದವು. ಅಂದರೆ ಮೂಲ ಬ್ಯಾಕ್ಟೀರಿಯಾ ಒಂದೆರಡು ಜೀವಂತ ಉಳಿದಿದ್ದವು. ಅದು ಗಾಳಿಯಿಂದ ಬಿದ್ದದ್ದು, ಮಾದರಿ ಶುದ್ಧವೆಂದು ಸಹಿ ಹಾಕು ಅಂದನಂತೆ ಬಾಸು. ಹಾಕದಿದ್ದರೆ ಕೆಲಸ ಹೋಗುತ್ತದೆ, ಅದರ ಜೊತೆಗೆ ವೀಸಾ.

"ಡಿಬೇಟಲ್ಲಿ ಎರಡೂ ಕಡೆ ಮಾತಾಡ್ತೀಯಲ್ಲ, ನನ್ ಜೊತೇನೂ ಒಂದ್ಸಲ ಮಾಡು ನೋಡಣ" ಅಂದರು.

ನಮ್ಮ ಸ್ಕೂಲಿನ ಡಿಬೇಟಿನಲ್ಲಿ ಯಾರಿಗೆ ಯಾವ ಪಕ್ಷವೆಂದು ನಾಣ್ಯ ಚಿಮ್ಮಿ ಹಂಚುತ್ತಿದ್ದರು. ಚಿಮ್ಮಿದೆ. ಸಹಿ ಬೇಡ ಎನ್ನುವ ಪಕ್ಷ ನನಗೆ ಬಂತು. ನಾನು ಇಂಗ್ಲಿಷಿನಲ್ಲಿ, ಅವರು ಕನ್ನಡದಲ್ಲಿ. ತಟ್ಟೆ ತೆರೆದಾಗ ಏನಾದರೂ ಬಿದ್ದಿರಬಹುದು ಅಂತ ಅವರು ಬಾಸಿನ ಮಾತನ್ನೇ ಹೇಳಿದರು. ಹಾಗಾದರೆ ಇಷ್ಟು ದಿನ ಖಾಲಿ ಬಂದ ತಟ್ಟೆಗಳನ್ನು ಯಾಕೆ ನಂಬಿದಿರಿ ಅಂತ ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನೀ ಗೆದ್ದೆ ಕಣೇ."

ಇಬ್ಬರ ಕಾಫಿ ಲೋಟವನ್ನೂ ತೊಳೆದಿಟ್ಟು ಹೋದರು. ನನಗೋ ಗೆದ್ದ ಖುಷಿ. ಇನ್ನೊಂದು ಪಕ್ಷ ಬಂದಿದ್ದರೂ ಅಷ್ಟೇ ಜೋರಾಗಿ ವಾದಿಸುತ್ತಿದ್ದೆ, ಬಹುಶಃ ಗೆಲ್ಲುತ್ತಲೂ ಇದ್ದೆ.

ಸೋಮವಾರ ಅವರು ಸಹಿ ಹಾಕಲಿಲ್ಲ. ತಿಂಗಳೊಳಗೆ ಎದುರು ಮನೆ ಖಾಲಿಯಾಯಿತು. ಊರಿನ ವಿಳಾಸ ಬರೆದುಕೊಟ್ಟಿದ್ದರು. ನಾನು ಒಂದು ಕಾಗದವನ್ನೂ ಹಾಕಲಿಲ್ಲ. ಈಗ ಹಾಕಿದರೆ ಓದುವವರಿಲ್ಲ. ಆದರೂ ಕೇಳಬೇಕು.

ಆಂಟಿ, ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದಿದ್ದರೆ ನೀವು ಸಹಿ ಹಾಕುತ್ತಿದ್ದಿರಾ?