ಅರ್ಧ ಒತ್ತಿದ ಪೆಡಲು

ಪೆಟ್ರೋಲ್ ಬಂಕಿನ ಹಿಂಬದಿಯಲ್ಲಿ, ಟೈರಿಗೆ ಗಾಳಿ ತುಂಬುವ ಜಾಗದ ಪಕ್ಕಕ್ಕೆ, ತಗಡಿನ ಛಾವಣಿಯ ಒಂದು ಸಣ್ಣ ಕೋಣೆ. ಒಳಗೊಂದು ಕಂಪ್ಯೂಟರ್, ಪ್ರಿಂಟರ್, ಹೊಗೆ ಅಳೆಯುವ ಯಂತ್ರ, ಕಾಲು ಅಲ್ಲಾಡುವ ಒಂದು ಸ್ಟೂಲು. ಗಾಡಿಗಳ ಹೊಗೆ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಆ ಕೇಂದ್ರದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಹೆಂಗಸನ್ನು ಡ್ರೈವರುಗಳು ಎದುರಿಗೆ ಹೊಗೆಯಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬೆಂಕಿಯಕ್ಕ. ಕೋಪ ಅವಳ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಸಾಲು ತಪ್ಪಿಸಿ ಗಾಡಿ ನುಗ್ಗಿಸಿದವನ ಜನ್ಮ ಜಾಲಾಡಿಬಿಡುತ್ತಿದ್ದಳು.

ಅವಳ ಅಪ್ಪ ಲಾರಿ ಮೆಕ್ಯಾನಿಕ್. ಚಿಕ್ಕವಳಿದ್ದಾಗ ಶಾಲೆ ಮುಗಿದೊಡನೆ ಅವಳು ಅಪ್ಪನ ಶೆಡ್ಡಿಗೆ ಓಡುತ್ತಿದ್ದಳು. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ಅವಳು ಹೊಗೆಯ ಬಣ್ಣ ಕಲಿತಳು. ಕಪ್ಪಾದರೆ ಎಂಜಿನ್ನಿಗೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಒಳಗೆ ನೀರು ಸೇರಿದೆ.

"ಸುಮ್ನೆ ನಿಂತಿರೋ ಗಾಡಿ ನೋಡಿ ಏನೂ ಹೇಳಬೇಡ ಮಗಳೇ," ಎನ್ನುತ್ತಿದ್ದ ಅಪ್ಪ. "ಒಂದೇ ಸಲಕ್ಕೆ ಜೋರಾಗಿ ತುಳಿ. ಹೊಟ್ಟೇಲಿ ಇರೋದನ್ನೆಲ್ಲ ಅದೇ ಕಕ್ಕುತ್ತೆ."

ಡೀಸೆಲ್ ಗಾಡಿಯ ತಪಾಸಣೆಗೆ ಇರುವ ನಿಯಮವೂ ಇದೇ. ಸೈಲೆನ್ಸರಿನ ಬಾಯಿಗೆ ಯಂತ್ರದ ನಳಿಗೆ ಸಿಕ್ಕಿಸಿ, ಗೇರ್ ಹಾಕದೆ, ಆಕ್ಸಿಲರೇಟರ್ ಪೆಡಲನ್ನು ಒಂದೇ ಏಟಿಗೆ ತಳದವರೆಗೆ ತುಳಿಯಬೇಕು. ಹಾಗೆ ನಾಲ್ಕಾರು ಸಲ. ಯಂತ್ರ ತೋರಿಸುವ ಅಂಕ ಅರವತ್ತೈದು ದಾಟಿದರೆ ಗಾಡಿ ಫೇಲು.

ಆದರೆ ಆ ಕೇಂದ್ರದಲ್ಲಿ ಗಾಡಿಗಳು ಫೇಲಾಗುತ್ತಿರಲಿಲ್ಲ. ಕೇಂದ್ರದ ಮಾಲೀಕ ಅವಳ ಗಂಡನ ಅಣ್ಣ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಮೂರು ಗಾಡಿಗಳನ್ನು ಫೇಲ್ ಮಾಡಿದ್ದಳು. ಭಾವ ಅವಳನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನೀನು ಫೇಲ್ ಮಾಡಿದ್ರೆ ಅವರು ಗಾಡಿ ರಿಪೇರಿ ಮಾಡಿಸಲ್ಲ. ರಸ್ತೆ ದಾಟಿ ಆ ಕಡೆ ಸೆಂಟರ್‌ಗೆ ಹೋಗ್ತಾರೆ. ಪೆಡಲ್ ಅರ್ಧ ಒತ್ತು ಸಾಕು," ಎಂದಿದ್ದ. ಅರ್ಧ ಒತ್ತಿದರೆ ಎಂಥ ಮುದಿ ಲಾರಿಯೂ ನಲವತ್ತರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಅವಳು ಒತ್ತಿದಳು. ಗಂಡ ಬಸ್ ಡಿಪೋದ ಟೈರ್ ವಿಭಾಗದಲ್ಲಿ ದುಡಿಯುತ್ತಿದ್ದ, ಅಣ್ಣನ ಮಾತಿಗೆ ಎದುರಾಡಿದವನಲ್ಲ. ಒಂದೇ ಮನೆಯ ಕೆಳಗೆ ಭಾವ, ಮೇಲೆ ಇವರು. ಒಂಬತ್ತು ವರ್ಷ ದಿನಾ ಹಲ್ಲು ಕಚ್ಚಿಕೊಂಡು ಅರ್ಧ ಒತ್ತಿದಳು, ಆ ಸಿಟ್ಟನ್ನೆಲ್ಲ ಸಾಲು ತಪ್ಪಿಸಿದವರ ಮೇಲೆ ಕಾರಿದಳು.

ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ನಡೆದು ಹೋಗುತ್ತಿದ್ದಳು. ಮೇಲ್ಸೇತುವೆ ಏರುವಲ್ಲಿ ಒಂದು ಸಿಗ್ನಲ್ ಇದೆ. ಕೆಂಪು ದೀಪಕ್ಕೆ ಗಾಡಿಗಳು ನಿಂತಿದ್ದವು. ರಸ್ತೆಯಂಚಿನಲ್ಲಿ ಒಬ್ಬ ಅಂಚೆಯವನು ಸೈಕಲ್ಲಿನ ಮೇಲೆ ಒಂದು ಕಾಲೂರಿ ಕಾಯುತ್ತಿದ್ದ, ಹ್ಯಾಂಡಲ್ಲಿಗೆ ಚೀಲ ನೇತುಹಾಕಿಕೊಂಡು. ಅವನ ಪಕ್ಕದಲ್ಲೇ ಒಂದು ಎತ್ತರದ ಡೀಸೆಲ್ ಕಾರು. ಚಕ್ರಗಳು ಸೊಂಟದೆತ್ತರ, ಸೈಲೆನ್ಸರ್ ತೋಳಿನಷ್ಟು ದಪ್ಪ, ಅದರ ಬಾಯಿ ಸರಿಯಾಗಿ ರಸ್ತೆಯಂಚಿನ ಕಡೆಗೆ. ಹಸಿರು ದೀಪ ಬಂತು. ಅಂಚೆಯವನು ಪೆಡಲ್ ತುಳಿದು ಏರು ಹತ್ತತೊಡಗಿದ. ಕಾರು ಅವನ ಜೊತೆಜೊತೆಗೇ ನಿಧಾನವಾಗಿ ಹತ್ತು ಮಾರು ಹೋಯಿತು. ಆಮೇಲೆ ಒಳಗಿದ್ದವನು ಆಕ್ಸಿಲರೇಟರ್ ತುಳಿದ.

ಎಂಜಿನ್ ಗರ್ಜಿಸಿತು. ಮಸಿಗಿಂತ ಕಪ್ಪಾದ ಹೊಗೆ ಭುಸ್ಸೆಂದು ಹೊರಬಿದ್ದು ಸೈಕಲ್ಲನ್ನು, ಸವಾರನನ್ನು, ಹಿಂದಿದ್ದ ಎರಡು ಸ್ಕೂಟರುಗಳನ್ನು ನುಂಗಿಬಿಟ್ಟಿತು. ಫುಟ್‌ಪಾತಿನ ಮೇಲಿದ್ದ ಹೊಗೆಯಕ್ಕನ ಕಣ್ಣು, ಬಾಯಿ, ಗಂಟಲು ಉರಿದುಹೋದವು. ಕಾರಿನ ಕಿಟಕಿಯಿಂದ ಒಂದು ಕೈ ಹೊರಗೆ ಚಾಚಿತ್ತು, ಆ ಕೈಯಲ್ಲಿ ಮೊಬೈಲು. ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಇನ್ನೊಂದು ಸಲ ತುಳಿದ, ಇನ್ನೊಂದು ಮೋಡ. ಕಾರು ಏರು ಹತ್ತಿ ಹೋಯಿತು.

ಹೊಗೆ ತಿಳಿಯಾದಾಗ ಅಂಚೆಯವನು ಫುಟ್‌ಪಾತಿನ ಕಾಂಕ್ರೀಟ್ ಅಂಚಿಗೆ ಭುಜ ಬಡಿದುಕೊಂಡು ಬಿದ್ದಿದ್ದ. ಕಾಗದಗಳು ರಸ್ತೆ ತುಂಬ ಹರಡಿದ್ದವು.

"ಕಣ್ಣೇ ಕಾಣಲಿಲ್ಲಮ್ಮ," ಎಂದ ಅವನು, ಅವಳು ಓಡಿ ಬಂದು ತಲೆ ಎತ್ತಿ ಹಿಡಿದಾಗ. "ರಸ್ತೆ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲಿಲ್ಲ. ಕಾಗದ... ಕಾಗದ ಗಾಡಿ ಕೆಳಗೆ ಹೋಗ್ತಿದೆ ನೋಡಿ."

"ಕಾಗದ ಹಾಳಾಗಿ ಹೋಗ್ಲಿ, ನೀವು ಕೈ ಅಲ್ಲಾಡಿಸಬೇಡಿ," ಎಂದು ಗದರಿಸಿದಳು. ಆಟೋ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದಳು. ಕೊರಳ ಪಕ್ಕದ ಎಲುಬು ಮುರಿದಿತ್ತು, ಭುಜವೂ ಜಜ್ಜಿಹೋಗಿತ್ತು.

ಕಾರಿನ ನಂಬರ್ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನಂಬರ್ ನೋಡುವುದೇ ಅವಳ ಕಸುಬು. ಆದರೆ ಇದನ್ನು ಎಲ್ಲೋ ಟೈಪ್ ಮಾಡಿದ ನೆನಪು ಬೆರಳುಗಳಿಗೂ ಇತ್ತು. ಕೇಂದ್ರಕ್ಕೆ ವಾಪಸ್ಸು ಬಂದವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಐದು ತಿಂಗಳ ಹಿಂದೆ, ಅದೇ ನಂಬರ್. ಹೊಗೆಯ ಅಂಕ ಮೂವತ್ತೆಂಟು. ಪಾಸ್. ತಪಾಸಣೆ ಮಾಡಿದವರ ಜಾಗದಲ್ಲಿ ಅವಳದೇ ಹೆಸರು, ಅವಳದೇ ಸಹಿ.

ಅವಳಿಗೆ ನೆನಪಾಯಿತು. ಮೂವತ್ತರ ಆಸುಪಾಸಿನ ಒಬ್ಬ, ಕಾಲಿಗೆ ಬಿಳಿ ಶೂ. ಇಡೀ ಹೊತ್ತು ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಸೈಲೆನ್ಸರಿನ ಗಾತ್ರ ನೋಡಿದಾಗಲೇ ಎಂಜಿನ್ನಿಗೆ ಏನೋ ಕೈಯಾಡಿಸಿದ್ದಾರೆಂದು ಅವಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಅರ್ಧ ಒತ್ತಿದ್ದಳು. ಪಿತ್ತ ನೆತ್ತಿಗೇರಿತು. ಈ ಸಲ ಬೈಯಲು ಸಾಲಿನಲ್ಲಿ ಯಾರೂ ಇರಲಿಲ್ಲ. ಸರ್ಟಿಫಿಕೇಟಿನ ಪ್ರತಿ ಪ್ರಿಂಟ್ ತೆಗೆದುಕೊಂಡು ನೇರ ಭಾವನ ಮುಂದೆ ನಿಂತಳು.

"ಭಾವ, ಇದನ್ನ ನೋಡಿ. ಈ ಗಾಡಿ ಒಬ್ಬನ ಮೂಳೆ ಮುರೀತು ಇವತ್ತು."

ಭಾವ ಕನ್ನಡಕ ಏರಿಸಿ ಓದಿದ. "ಗಾಡಿ ಗುದ್ದಿತಾ?"

"ಗುದ್ದಲಿಲ್ಲ. ಹೊಗೆ ಬಿಟ್ಟ. ಬೇಕಂತಲೇ ಬಿಟ್ಟ, ತಮಾಷೆಗೆ."

"ಹೊಗೆಗೆ ಬಿದ್ದರೆ ನಾವೇನು ಮಾಡೋಣ? ಮೆಷಿನ್ ಮೂವತ್ತೆಂಟು ತೋರಿಸ್ತು, ನಾವು ಮೂವತ್ತೆಂಟು ಬರೆದ್ವಿ."

"ಅರ್ಧ ಒತ್ತು ಅಂದವರು ಯಾರು?"

"ಒತ್ತಿದ ಕಾಲು ಯಾರದ್ದು?" ಎಂದ ಭಾವ, ಪ್ರಿಂಟನ್ನು ಮಡಚಿ ಅವಳ ಕೈಗೆ ವಾಪಸ್ಸು ಕೊಡುತ್ತ. "ಸುಮ್ನೆ ಮೈಮೇಲೆ ಎಳ್ಕೋಬೇಡ. ಹೋಗಿ ಊಟ ಮಾಡು."

ಆ ಮಾತು ಸತ್ಯವಾಗಿದ್ದದ್ದೇ ಅವಳನ್ನು ಹೆಚ್ಚು ಉರಿಸಿತು.

ಮರುದಿನ ಬೆಳಿಗ್ಗೆ ವಾರಗಿತ್ತಿ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ಫೋನು. "ಇದು ನೀನೇ ಅಲ್ವೇನೇ?" ಎಂದು ಒಂದು ವಿಡಿಯೋ ತೋರಿಸಿದಳು. ಕಪ್ಪು ಮೋಡದೊಳಗಿನಿಂದ ಒಂದು ಸೈಕಲ್ಲು ಓಲಾಡುತ್ತ ಬೀಳುತ್ತದೆ, ಹಿಂದೆ ಒಬ್ಬ ಹೆಂಗಸು ಕೆಮ್ಮುತ್ತ, ಕೈ ಬೀಸುತ್ತ, ಏನೋ ಕಿರುಚುತ್ತಾಳೆ. ಮೇಲೆ ಹಾಡು ಹಾಕಿದ್ದರು. ಸಾವಿರಾರು ಜನ ನೋಡಿದ್ದರು. ಕೆಳಗೆ ನಗುವ ಮುಖಗಳ ಸಾಲು.

"ನಿನ್ನ ಮುಖ ನೋಡಿ ನನಗೂ ನಗು ಬಂತು," ಎಂದಳು ವಾರಗಿತ್ತಿ. ಮರುಕ್ಷಣವೇ ಹೊಗೆಯಕ್ಕನ ಮುಖ ನೋಡಿ, "ತಮಾಷೆಗಂದೆ ಕಣೇ," ಎನ್ನುತ್ತ ಹಿಂದೆ ಸರಿದಳು.

"ಅಕ್ಕ, ಆ ವಿಡಿಯೋ ನನಗೆ ಕಳಿಸಿ," ಎಂದಳು ಹೊಗೆಯಕ್ಕ. ಚಪ್ಪಲಿ ಮೆಟ್ಟಿ ಹೊರಟಳು.

ಸಾರಿಗೆ ಕಚೇರಿಯಲ್ಲಿ ಮೊದಲ ಗುಮಾಸ್ತ ಎರಡನೆಯವನ ಕಡೆ ಕಳಿಸಿದ, ಎರಡನೆಯವನು ಊಟಕ್ಕೆ ಹೋದ. ಅವಳು ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ಕೂತೇಬಿಟ್ಟಳು. ಮೂರು ಗಂಟೆಯ ಹೊತ್ತಿಗೆ ಇನ್‌ಸ್ಪೆಕ್ಟರ್ ತಾನಾಗಿಯೇ ಒಳಗೆ ಕರೆದ. ವಿಡಿಯೋ ನೋಡಿದ, ಸರ್ಟಿಫಿಕೇಟ್ ನೋಡಿದ.

"ಇದರಲ್ಲಿ ಸಹಿ ಮಾಡಿರೋರು ಯಾರು?"

"ನಾನೇ ಸಾರ್. ಅರ್ಧ ಒತ್ತಿ ಪಾಸ್ ಮಾಡಿದ್ದೂ ನಾನೇ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ. "ಅಮ್ಮ, ಇದನ್ನ ಬರೆದುಕೊಟ್ರೆ ನಿಮ್ಮ ಮೇಲೂ ಬರುತ್ತೆ. ನಿಮ್ಮ ಸೆಂಟರ್ ಮೇಲೂ ಬರುತ್ತೆ. ಯೋಚನೆ ಮಾಡಿ."

"ಒಂಬತ್ತು ವರ್ಷ ಯೋಚನೆ ಮಾಡಿದ್ದೀನಿ. ಪೇಪರ್ ಕೊಡಿ."

ಎಂಟು ದಿನದ ಮೇಲೆ ಮರುತಪಾಸಣೆಗೆ ಕಾರನ್ನು ಕಚೇರಿಯ ಅಂಗಳಕ್ಕೆ ತರಿಸಿದರು. ಬಿಳಿ ಶೂ ತಣ್ಣಗೆ ಚೂಯಿಂಗ್ ಗಮ್ ಅಗಿಯುತ್ತ ಬಂದ. ಅವಳ ಗುರುತು ಹಿಡಿದು, "ಓ, ವಿಡಿಯೋ ಆಂಟಿ!" ಎಂದು ನಕ್ಕ.

"ನಿನ್ನಂಥವನಿಗೆ ಆಂಟಿ ಆಗೋ ಪಾಪ ನಾನು ಮಾಡಿಲ್ಲ," ಎಂದಳು ಅವಳು. ಅಂಗಳದಲ್ಲಿದ್ದ ಡ್ರೈವರುಗಳು ಕಿಸಕ್ಕೆಂದರು.

ಕಚೇರಿಯ ಡ್ರೈವರೊಬ್ಬ ಕಾರು ಹತ್ತಿ ಪೆಡಲ್ ಒತ್ತಿದ. ಬೂದು ಬಣ್ಣದ ಹೊಗೆ ಒಂದಿಷ್ಟು ಬಂತು. ಯಂತ್ರ ನಲವತ್ತೊಂದು ತೋರಿಸಿತು. ಬಿಳಿ ಶೂ ಕೈಗಳನ್ನು ಅಗಲಿಸಿ, "ಮುಗೀತಲ್ಲ ಸಾರ್?" ಎಂದ.

ಹೊಗೆಯಕ್ಕನ ಕಿವಿ ಎಂಜಿನ್ನಿನ ಸದ್ದಿನ ಮೇಲೆಯೇ ಇತ್ತು. "ಮುಗೀಲಿಲ್ಲ! ಅದು ಅರ್ಧ. ಸಾರ್, ಅರ್ಧ ಒತ್ತೋದು ಹೇಗೆ ಕೇಳಿಸುತ್ತೆ ಅಂತ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಡ್ರೈವರ್ ತಲೆ ತಗ್ಗಿಸಿದ. ಇನ್‌ಸ್ಪೆಕ್ಟರ್ ಒಂದು ಗಳಿಗೆ ಅವನನ್ನು, ಒಂದು ಗಳಿಗೆ ಅವಳನ್ನು ನೋಡಿದ. "ಹಾಗಾದ್ರೆ ನೀವೇ ಹತ್ತಿ. ನಾನು ಮೆಷಿನ್ ಹತ್ರ ನಿಂತಿರ್ತೀನಿ."

ಕಾರಿನ ಮೆಟ್ಟಿಲು ಎತ್ತರವಿತ್ತು. ಚಪ್ಪಲಿ ಕೆಳಗೆ ಬಿಟ್ಟು, ಬಾಗಿಲು ಹಿಡಿದು ಹತ್ತಿ ಕೂತಳು. ಗೇರ್ ನೋಡಿದಳು, ಬ್ರೇಕ್ ನೋಡಿದಳು. ಬರಿಗಾಲನ್ನು ಪೆಡಲಿನ ಮೇಲಿಟ್ಟು ಒಂದೇ ಏಟಿಗೆ ತಳಕ್ಕೆ ತುಳಿದಳು.

ಕಾರು ಇಡಿಯಾಗಿ ನಡುಗಿತು. ಕನ್ನಡಿಯಲ್ಲಿ ಹಿಂದಿನ ಅಂಗಳ ಮಾಯವಾಯಿತು. ಬಿಟ್ಟಳು, ಮತ್ತೆ ತುಳಿದಳು. ಪ್ರತಿ ಸಲವೂ ಒಂಬತ್ತು ವರ್ಷದ ಅರ್ಧಗಳನ್ನೆಲ್ಲ ಒಟ್ಟಿಗೆ ತುಳಿಯುವಂತೆ ತುಳಿದಳು. ಕಪ್ಪು ಹೊಗೆ ಕಚೇರಿಯ ತೆರೆದ ಕಿಟಕಿಗಳೊಳಗೆ ನುಗ್ಗಿತು. ಆವತ್ತು ಊಟಕ್ಕೆ ಹೋಗಿದ್ದ ಗುಮಾಸ್ತ ಮೂಗಿಗೆ ಫೈಲು ಹಿಡಿದುಕೊಂಡು ಹೊರಗೆ ಓಡಿಬಂದ.

"ಸಾಕಮ್ಮ, ಸಾಕು!" ಎಂದು ಕೆಮ್ಮುತ್ತ ಕೂಗಿದ ಇನ್‌ಸ್ಪೆಕ್ಟರ್.

"ನಿಯಮದ ಪ್ರಕಾರ ಇನ್ನೊಂದು ಸಲ ಇದೆ ಸಾರ್," ಎಂದು ಇನ್ನೊಂದು ಸಲ ತುಳಿದಳು.

ಅಂಕ ತೊಂಬತ್ತನಾಲ್ಕು. ಬಿಳಿ ಶೂ ಅಗಿಯುವುದನ್ನು ನಿಲ್ಲಿಸಿದ್ದ. "ಇದೆಲ್ಲ ಒಂದು ಹವ್ಯಾಸ ಸಾರ್, ಹುಡುಗರೆಲ್ಲ ಮಾಡ್ತಾರೆ," ಎಂದು ಶುರುಮಾಡಿದ. ಯಾರೂ ಕಿವಿಗೊಡಲಿಲ್ಲ. ಕಾರಿನ ನೋಂದಣಿಯನ್ನು ಅಮಾನತು ಮಾಡಿ, ಎಂಜಿನ್ ಮೊದಲಿನಂತೆ ಮಾಡಿಸಿ ತರುವ ತನಕ ರಸ್ತೆಗಿಳಿಸಬಾರದೆಂದು ಬರೆದರು. ಅಂಚೆಯವನನ್ನು ಬೀಳಿಸಿದ್ದಕ್ಕೆ ಪೊಲೀಸರು ಬೇರೆ ಕೇಸು ಹಾಕಿದರು. ವಿಡಿಯೋ ತೆಗೆದವರು ಕಾರಿನಲ್ಲಿದ್ದವರೇ ಆಗಿದ್ದರಿಂದ ನಾವಲ್ಲ ಎನ್ನುವ ಹಾಗೂ ಇರಲಿಲ್ಲ.

ಹೊಗೆಯಕ್ಕನಿಗೂ ಏಟು ಬಿತ್ತು. ತಪಾಸಣೆ ಮಾಡುವ ಅವಳ ಪರವಾನಗಿ ರದ್ದಾಯಿತು. ಭಾವನ ಕೇಂದ್ರಕ್ಕೆ ಮೂರು ತಿಂಗಳು ಬೀಗ. ಎದುರಿನ ಕೇಂದ್ರಕ್ಕೆ ಏನೂ ಆಗಲಿಲ್ಲ. ಅಲ್ಲಿ ಮರುದಿನದಿಂದ ಸಾಲು ದುಪ್ಪಟ್ಟಾಯಿತು, ಎಲ್ಲವೂ ಪಾಸು. ಇದನ್ನು ಕೇಳಿದ ದಿನ ಅವಳು ಪಾತ್ರೆ ತೊಳೆಯುತ್ತಿದ್ದಳು. ಒಂದು ಲೋಟ ನೆಗ್ಗಿಹೋಯಿತು.

ಭಾವ ಮಾತು ಬಿಟ್ಟ. ಕೆಳಗಿನ ಮನೆಯ ಬಾಗಿಲು ಇವಳ ಹೆಜ್ಜೆ ಸದ್ದಿಗೆ ಪಟ್ಟನೆ ಮುಚ್ಚಿಕೊಳ್ಳತೊಡಗಿತು. ಆದರೆ ಗಂಡ, ಜೀವಮಾನದಲ್ಲಿ ಮೊದಲ ಸಲ, ಅಣ್ಣನ ಬಾಗಿಲಲ್ಲಿ ನಿಂತು, "ಬೈಯೋದಿದ್ರೆ ನನ್ನನ್ನ ಬೈಯಿ ಅಣ್ಣ. ಅವಳು ಮಾಡಿದ್ದು ಸರಿ ಇದೆ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿ ಬಂದ. ತಿಂಗಳೊಳಗೆ ಅವನೇ ಡಿಪೋದಲ್ಲಿ ವಿಚಾರಿಸಿ ಅವಳಿಗೆ ಅಲ್ಲಿಯೇ ಕೆಲಸ ಹುಡುಕಿದ. ಬಸ್ಸುಗಳ ಏರ್ ಫಿಲ್ಟರ್ ಬಿಚ್ಚಿ ಧೂಳು ಊದಿ ಜೋಡಿಸುವುದು. ಮೈಕೈ ಮಣ್ಣಾಗುವ ಕೆಲಸ, ಅವಳಿಗೆ ಹಿಡಿಸಿತು.

ಒಂದೇ ಒಂದು ಕೆಲಸವನ್ನು ಅವಳು ಮುಂದೂಡುತ್ತ ಬಂದಿದ್ದಳು. ನಾಲ್ಕು ತಿಂಗಳ ಮೇಲೆ ಒಂದು ಶನಿವಾರ ಅಂಚೆ ಕಚೇರಿಗೆ ಹೋದಳು. ಅವನ ಎಲುಬು ಕೂಡಿತ್ತು. ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಹದಿನೆಂಟು ವರ್ಷ ಬೀದಿ ಸುತ್ತಿದವನನ್ನು ಈಗ ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಾಗದ ವಿಂಗಡಿಸಲು ಕೂರಿಸಿದ್ದರು.

"ಆಸ್ಪತ್ರೆಗೆ ಸೇರಿಸಿದವರಲ್ವಾ? ಬನ್ನಿ ಬನ್ನಿ," ಎಂದು ಅವನು ಎದ್ದ.

"ಕೂತ್ಕೊಳ್ಳಿ. ಮೊದಲು ಒಂದು ಮಾತು ಕೇಳಿ. ಆ ಗಾಡಿಗೆ ಹೊಗೆ ಸರಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟೋಳು ನಾನೇ. ಸುಳ್ಳು ಸರ್ಟಿಫಿಕೇಟು. ಪೆಡಲ್ ಅರ್ಧ ಒತ್ತು ಅಂದಿದ್ದು ನಮ್ಮ ಭಾವ, ಒತ್ತಿದ ಕಾಲು ನನ್ನದು."

ಅವನು ಕೈಯಲ್ಲಿದ್ದ ಕಾಗದಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ಈಗ ಬಂದು ಹೇಳಿದ್ರೆ ನನ್ನ ಕೈ ಮೇಲೇಳುತ್ತಾ?"

"ಇಲ್ಲ."

"ಮತ್ತೆ ಯಾಕೆ ಬಂದ್ರಿ? ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕಾ?"

"ಹಗುರ ಆಗಿಲ್ಲ. ಆಗೋದೂ ಇಲ್ಲ. ಬೈಯೋದಿದ್ರೆ ಬೈದುಬಿಡಿ ಅಂತ ಬಂದೆ."

ಅವನು ಬೈದ. ಅವಳನ್ನು ಬೈದ, ಭಾವನನ್ನು ಬೈದ, ಬಿಳಿ ಶೂವನ್ನು ಅವನ ಏಳು ತಲೆಮಾರು ಸೇರಿಸಿ ಬೈದ. ಭುಜದ ಪ್ಲಾಸ್ಟರ್ ಬಿಚ್ಚಿದ ವೈದ್ಯನನ್ನು, ಈ ಕೋಣೆಗೆ ಹಾಕಿದ ಮೇಲಧಿಕಾರಿಯನ್ನು, ವಿಡಿಯೋ ನೋಡಿ ನಕ್ಕ ತನ್ನ ಸ್ವಂತ ಭಾಮೈದನನ್ನು ಬೈದ. ಅವಳು ತಲೆಯಾಡಿಸುತ್ತ ಕೇಳಿದಳು. ಭಾಮೈದನ ಸರದಿ ಬಂದಾಗ ಅವಳೂ ಎರಡು ಮಾತು ಸೇರಿಸಿದಳು, ಭಾವನ ಕೇಂದ್ರದ ಎದುರಿನ ಸೆಂಟರಿನಲ್ಲಿ ಈಗಲೂ ಅರ್ಧವೇ ಒತ್ತುತ್ತಾರೆಂದು ಅವರನ್ನೂ ಬೈದಳು. ಪಕ್ಕದ ಕೋಣೆಯವರು ಇಣುಕಿ ನೋಡಿ ಹೋದರು.

ಉಸಿರು ಕಟ್ಟಿ ಅವನು ನಿಲ್ಲಿಸಿದ. ಎಡಗೈಯಿಂದ ಇನ್ನೊಂದು ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ.

"ಆ ಎದುರಿನ ಸೆಂಟರ್ ಇದೆಯಲ್ಲ," ಎಂದ, "ಅವರ ಮೇಲೆ ದೂರು ಬರೆಯೋದು ಯಾರಿಗೆ? ವಿಳಾಸ ಹೇಳಿ. ನಾನು ಎಡಗೈಯಲ್ಲೂ ಬರೀತೀನಿ."