ಬಲಗಡೆಗೆ ಏಳು

ಬೆಳಿಗ್ಗೆ ಆರೂವರೆಗೆ ಮಂಡ್ಯದ ನಿಲ್ದಾಣದಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ನೀರಿನ ಬಾಟಲಿ. ಇನ್ನೊಂದರಲ್ಲಿ ನನ್ನ ತಮ್ಮ ಮಾದೇಶನ ಕೈರೇಡಿಯೊ, ಅವನ ಸ್ಕ್ರೂಡ್ರೈವರುಗಳು, ಮತ್ತು ಅಂಗಡಿಯಲ್ಲಿ ನಾನು ರವಿಕೆ ಅಳತೆ ಬರೆದುಕೊಳ್ಳುವ ನೋಟುಬುಕ್ಕು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ಚೀಟಿ ಹರಿದು ಕೊಟ್ಟು, ಚೀಲದಿಂದ ಇಣುಕುತ್ತಿದ್ದ ಆಂಟೆನಾ ನೋಡಿ, “ಪೊಲೀಸಾ?” ಅಂದ. “ಅಲ್ಲಪ್ಪ, ಟೈಲರು” ಅಂದೆ. ಅವನು ಮುಂದಿನ ಸೀಟಿಗೆ ಹೋದ.

ಮಾದೇಶ ತೀರಿಕೊಂಡು ಮೂರು ತಿಂಗಳಾಗಿತ್ತು. ಶ್ವಾಸಕೋಶದ ಕಾಯಿಲೆ. ಬದುಕಿದ್ದಾಗ ಅವನು ಹ್ಯಾಮ್ ಆಗಿದ್ದ. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಬರೀ ಖುಷಿಗಾಗಿ ರೇಡಿಯೊದಲ್ಲಿ ಮಾತಾಡುವವರಿಗೆ ಹಾಗೆನ್ನುತ್ತಾರೆ. ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕಿದ್ದಾಗ, ಕೆಳಗಿನ ಕಣಿವೆಯಲ್ಲಿ ಮೊಬೈಲು ಸಿಗುವುದಿಲ್ಲ ಎಂದು ಹತ್ತಿಸಿಕೊಂಡ ಹುಚ್ಚು ಅದು. ಕೈರೇಡಿಯೊದ ಮಾತು ಒಂದಿಷ್ಟು ದೂರ ಹೋಗಿ ಸುಸ್ತಾಗುತ್ತದೆ. ಎತ್ತರದಲ್ಲಿ ಒಂದು ಪೆಟ್ಟಿಗೆ ಇಟ್ಟರೆ, ಅದು ಆ ಸಣ್ಣ ಮಾತನ್ನು ಕೇಳಿಸಿಕೊಂಡು ಆ ಕ್ಷಣವೇ ದೊಡ್ಡದಾಗಿ ತಿರುಗಿ ಹೇಳುತ್ತದೆ. ಆ ಪೆಟ್ಟಿಗೆಗೆ ರಿಪೀಟರ್ ಎಂದು ಹೆಸರು. ಪೂರಿಗಾಲಿಯಿಂದಾಚೆಗಿನ ಒಂದು ಬಂಡೆಗುಡ್ಡದ ಮೇಲೆ, ಹಳೆಯ ನೀರಿನ ತೊಟ್ಟಿಯ ಪಕ್ಕದ ಕೋಣೆಯಲ್ಲಿ ಮಾದೇಶ ಅಂಥದ್ದೊಂದನ್ನು ಎರಡು ವರ್ಷ ಕೂತು ಕಟ್ಟಿದ್ದ. ಮಂಡ್ಯ, ಮದ್ದೂರು, ಕಿರುಗಾವಲಿನ ಗೆಳೆಯರು ದಿನಾ ಸಂಜೆ ಆರಕ್ಕೆ ಅದರ ಮೂಲಕ ಹಾಜರಿ ಹಾಕುತ್ತಿದ್ದರು.

ಅವನು ಆಸ್ಪತ್ರೆಯಲ್ಲಿದ್ದಾಗ ಕೋಣೆ ಸೋರಿತು. ಸಾಮಾನು ನೆನೆಯದಿರಲೆಂದು ವಯರುಗಳನ್ನೆಲ್ಲ ಕಿತ್ತು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟರು. ಆಮೇಲೆ ಮತ್ತೆ ಜೋಡಿಸಿದಾಗ ಅದು ಕಿವುಡಾಗಿತ್ತು. ಗೆಳೆಯರು ಎರಡು ಸಲ ಗುಡ್ಡ ಹತ್ತಿ ಬಂದರೂ ಸರಿಯಾಗಲಿಲ್ಲ. ಕೊನೆಗೆ ಒಂದು ಮಾತಾಯಿತು. ಇನ್ನೊಂದೇ ಸಲ ನೋಡುವುದು. ಆಗದಿದ್ದರೆ ಪೆಟ್ಟಿಗೆ ಇಳಿಸಿ ಮೈಸೂರಿಗೆ ಒಯ್ದು, ಅಲ್ಲಿ ಒಬ್ಬರ ಮಹಡಿಯ ಮೇಲೆ ಹೊಸ ಸಾಮಾನು ಹಾಕಿ ನಿಲ್ಲಿಸುವುದು. ಅವರ ಮಾತು ನ್ಯಾಯವಾಗಿಯೇ ಇತ್ತು. ನಾನೂ ಬರುತ್ತೇನೆ ಅಂದೆ. ಯಾಕೆಂದು ಯಾರೂ ಕೇಳಲಿಲ್ಲ.

ಮದ್ದೂರಿಗೆ ಇಪ್ಪತ್ತು ಕಿಲೋಮೀಟರು. ಆ ಗೆಳೆಯರಲ್ಲೊಬ್ಬರಾದ ಪುಟ್ಟಸ್ವಾಮಿ ನಿಲ್ದಾಣದಲ್ಲೇ ಕಾಯುತ್ತಿದ್ದರು. ಅವರದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ನನಗಿಂತ ದೊಡ್ಡವರಾದರೂ ಮಾದೇಶ ಕರೆಯುತ್ತಿದ್ದಂತೆ ಅಕ್ಕ ಎಂದೇ ಕರೆಯುತ್ತಾರೆ. ಕಾಲ ಬಳಿ ಒಂದು ಬ್ಯಾಟರಿ, ಹೆಗಲಿಗೆ ಹಗ್ಗದ ಸುರುಳಿ. ಪೆಟ್ಟಿಗೆ ಇಳಿಸಲು ಹಗ್ಗ ಎಂದು ನನಗೆ ನೋಡಿದೊಡನೆ ತಿಳಿಯಿತು. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವರು ಎರಡನೇ ಇಡ್ಲಿ ಮುಟ್ಟದೆ ಹೇಳಿದರು:

“ಇವತ್ತು ಡಬ್ಬಿ ಸ್ಕ್ರೂ ತಿರುಗಿಸ್ಲೇಬೇಕು ಅಕ್ಕ. ಬೇರೆ ದಾರಿ ಕಾಣ್ತಿಲ್ಲ.”

ಆ ಡಬ್ಬಿಗಳು ನನಗೆ ಗೊತ್ತು. ಗುಡ್ಡದ ಮೇಲಿರುವುದು ಒಂದೇ ಆಂಟೆನಾ. ಒಂದು ರೇಡಿಯೊ ಅದರಲ್ಲಿ ಕೇಳಬೇಕು, ಇನ್ನೊಂದು ಅದೇ ಹೊತ್ತಿಗೆ ಅದರಲ್ಲೇ ಹೇಳಬೇಕು. ಹೇಳುವವನ ಗದ್ದಲ ಕೇಳುವವನ ಕಿವಿಗೆ ಬೀಳದಂತೆ ನಡುವೆ ತಾಮ್ರದ ಆರು ಡಬ್ಬಿಗಳ ಸಾಲು. ಒಂದೊಂದರ ತಲೆಯ ಮೇಲೂ ಒಂದು ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಲೆಕ್ಕ ತಪ್ಪುತ್ತದೆ. ಮಾದೇಶ ಒಂದೊಂದಕ್ಕೂ ವಾರಗಟ್ಟಲೆ ಕೂತಿದ್ದ. ಅಳೆಯುವ ಯಂತ್ರವನ್ನು ಎಲ್ಲಿಂದಲೋ ಕೇಳಿ ತಂದಿದ್ದ. ಅದು ಈಗ ಸಿಗುವಂತಿರಲಿಲ್ಲ.

“ತಿರುಗಿಸಿದ ಮೇಲೂ ಸರಿ ಹೋಗದಿದ್ರೆ?”

“ಮತ್ತೆ ಅಲ್ಲಿಗೇ ತರೋದು ನನ್ನ ಕೈಲಾಗಲ್ಲ. ಆ ಬ್ರಹ್ಮನ ಕೈಲೂ ಆಗಲ್ಲ. ಮೈಸೂರಿಗೆ ಒಯ್ದು ತಾಮ್ರದ ಬೆಲೆಗೆ ಕೊಡೋದೇಯ.” ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡರು. “ತಪ್ಪು ತಿಳ್ಕೋಬೇಡಿ ಅಕ್ಕ.”

ಮಳವಳ್ಳಿಯ ಬಸ್ಸಿನಲ್ಲಿ ಬ್ಯಾಟರಿಗೇ ಒಂದು ಸೀಟು ಸಿಕ್ಕಿತು, ನಮಗೆ ಸಿಗಲಿಲ್ಲ. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾಲು ಗಂಟೆ ನಿಂತೆವು. ಬೆಳಿಗ್ಗೆ ಒಂಬತ್ತಕ್ಕೇ ಬೆವರು ಇಳಿಯುತ್ತಿತ್ತು. ದಕ್ಷಿಣಕ್ಕೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಮಳವಳ್ಳಿಯಲ್ಲಿ ಇಳಿದು ಪುಟ್ಟಸ್ವಾಮಿ ರೇಡಿಯೊದ ಗುಂಡಿ ಒತ್ತಿ ಕರೆದರು. ಬಿಟ್ಟಾಗ ಗೊರಗೊರ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ನಾಲ್ಕು ಸಲ ಕರೆದರು. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವಳು, “ಯಾರೂ ಮಾತಾಡ್ತಿಲ್ವಲ್ಲಣ್ಣ, ಎಂಡ್ರು ಮುನಿಸ್ಕಂಡವ್ರಾ?” ಎಂದು ನಕ್ಕಳು. ಅವರೂ ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲಿಂದ ಆಟೋ. ಬ್ಯಾಟರಿ ಭಾರವೆಂದು ಆಟೋದವನು ಕೇಳಿದಷ್ಟು ಕೊಟ್ಟೆವು. ಗುಡ್ಡದ ಬುಡದಿಂದ ಮೇಲಕ್ಕೆ ಮುಕ್ಕಾಲು ಗಂಟೆಯ ದಾರಿ. ಬರೀ ಬಂಡೆ, ನಡುನಡುವೆ ಲಂಟಾನ. ಬ್ಯಾಟರಿಯನ್ನು ಕೋಲಿಗೆ ನೇತುಹಾಕಿ ಇಬ್ಬರೂ ಹೊತ್ತೆವು. ನಾಲ್ಕು ಕಡೆ ಇಳಿಸಿ ಕೂತೆವು. ಮೇಲೆ ಕೋಣೆಯ ಬಾಗಿಲಲ್ಲಿ ಕೆಂಪಮ್ಮ ಬೀಗದ ಕೈ ಹಿಡಿದು ನಿಂತಿದ್ದಳು. ಅವಳ ಗಂಡ ತೊಟ್ಟಿಗೆ ನೀರು ಬಿಡುತ್ತಿದ್ದವನು. ತೊಟ್ಟಿ ಒಣಗಿದ ಮೇಲೂ ಕೀಲಿ ಅವಳ ಬಳಿಯೇ ಉಳಿದಿದೆ. ಕೋಣೆ ಸೋರಿದಾಗ ವಯರು ಕಿತ್ತವಳೂ ಅವಳೇ.

“ಬಂದ್ಯಾ ಜಯಮ್ಮ?” ಅಂದಳು. “ತಮ್ಮ ಓದ್ಮೇಲೆ ಬಂದೆ. ಇದ್ದಾಗ ಒಂದಿನಾನೂ ಅತ್ಲಿಲ್ಲ ನೀನು ಈ ಗುಡ್ಡವ.”

ನಿಜ. ಅವನು ಎಷ್ಟೋ ಸಲ ಕರೆದಿದ್ದ. ಹಬ್ಬದ ಹೊಲಿಗೆ, ಮದುವೆಯ ಹೊಲಿಗೆ, ಏನಾದರೊಂದು ಇರುತ್ತಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಕಿರಿದಾದ ಕೋಣೆ. ಕಲ್ಲಿನ ಹಲಗೆಯ ಮೇಲೆ ಎರಡು ರೇಡಿಯೊ, ಗೋಡೆಗೆ ಡಬ್ಬಿಗಳ ಸಾಲು. ಅವುಗಳ ನಡುವೆ ಎಂಟು ಕರಿ ವಯರು, ಒಂದೊಂದಕ್ಕೂ ಪುಟ್ಟ ನಂಬರು ಚೀಟಿ. ಆ ಚೀಟಿಗಳು ನನ್ನ ಅಂಗಡಿಯವು. ಗಿರಾಕಿಗಳ ಬಟ್ಟೆಗೆ ಪಿನ್ನು ಮಾಡುವ ಚೀಟಿಗಳನ್ನು ಅವನು ಕೇಳದೆ ಎತ್ತಿಕೊಂಡು ಹೋಗಿದ್ದ, ನಾನು ಬೈದಿದ್ದೆ.

ಪುಟ್ಟಸ್ವಾಮಿ ಹೊಸ ಬ್ಯಾಟರಿ ಜೋಡಿಸಿದರು. ಆಂಟೆನಾದ ವಯರನ್ನು ಕಂಬದ ತುದಿಯವರೆಗೂ ತಡವಿ ನೋಡಿದರು. ಎಲ್ಲ ಸರಿ ಇತ್ತು. ಕಿರುಗಾವಲಿನಲ್ಲಿ ಚಿಕ್ಕಣ್ಣ ಎಂಬ ಗೆಳೆಯರು ಅಂಗಡಿ ಮುಚ್ಚಿ ರೇಡಿಯೊ ಹಿಡಿದು ಕೂತಿದ್ದರು. ಅವರು ಕರೆಯುವುದು, ಪುಟ್ಟಸ್ವಾಮಿ ಫೋನಿನಲ್ಲಿ ಕೇಳುವುದು, ಹೀಗೆ ಒಂದು ಗಂಟೆ ನಡೆಯಿತು. ಪೆಟ್ಟಿಗೆ ಒಮ್ಮೆಯೂ ಚಿಕ್ಕಣ್ಣನ ಕರೆಗೆ ಎಚ್ಚರಗೊಳ್ಳಲಿಲ್ಲ. ಪುಟ್ಟಸ್ವಾಮಿ ನಡುನಡುವೆ ಕೈಯಿಂದಲೇ ಒತ್ತಿ ನೋಡಿದ್ದಕ್ಕೆ ಹೇಳುವ ರೇಡಿಯೊ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿತ್ತು.

ಹನ್ನೆರಡೂವರೆಗೆ ಗಾಳಿ ಎದ್ದಿತು. ಬ್ಲಫಿನ ಕಡೆ ಮೊದಲ ಗುಡುಗು. ಕೆಂಪಮ್ಮ ಹೊರಗೆ ಹೋಗಿ ನೋಡಿ ಬಂದಳು. “ಬಿರ್‌ಬಿರ್ನೆ ಮುಗ್ಸಿ. ಓದೊರ್ಸ ಇದೇ ಬಂಡೆ ಮ್ಯಾಲೆ ಸಿಡ್ಲು ಒಡ್ದು ಎರಡು ಮೇಕೆ ಓದೊ. ಇನ್ನೊಂದರ್ಧ ಗಂಟೆ ಅಷ್ಟೇಯ.”

ಪುಟ್ಟಸ್ವಾಮಿ ಬೆವರು ಒರೆಸಿಕೊಂಡರು. ಪೆನ್ಸಿಲಿನಿಂದ ಮೊದಲ ಸ್ಕ್ರೂ ಪಕ್ಕ ಗೀಟು ಎಳೆದರು. ಮಾದೇಶನ ಸ್ಕ್ರೂಡ್ರೈವರನ್ನೇ ತೆಗೆದುಕೊಂಡರು.

“ಒಂದು ನಿಮಿಷ” ಅಂದೆ. “ಬರೆದಿದ್ದ ಪ್ರಕಾರವೇ ಇದೆಯಾ, ಇನ್ನೊಂದ್ಸಲ ನೋಡಿ.”

“ಅದೇ ತಾನೇ ಅಕ್ಕ ನೀವು ಫೋಟೊ ಕಳ್ಸಿದ್ದು? ಡಬ್ಬಿ ಸಾಲಿನ ಬಲಗಡೆ ತುದಿಗೆ ಏಳನೇ ನಂಬರು. ಏಳನೇ ನಂಬರು ಕೇಳೋ ರೇಡಿಯೊದ್ದು. ಹಂಗೇ ಹಾಕಿದೀನಿ.”

ನೋಟುಬುಕ್ಕು ತೆಗೆದೆ. ಕಂಕುಳ ಸುತ್ತಳತೆ, ತೋಳಿನ ಉದ್ದಗಳ ನಡುವೆ ಒಂದು ಸಾಲು: ಬಲಗಡೆಗೆ ೭. ಆಸ್ಪತ್ರೆಯಲ್ಲಿ ಕೊನೆಯ ವಾರ ಬರೆದುಕೊಂಡದ್ದು. ಮೂಗಿಗೆ ಕೊಳವೆ ಇತ್ತು, ಒಂದು ಉಸಿರಿಗೆ ಎರಡು ಮಾತಿಗಿಂತ ಹೆಚ್ಚು ಆಗುತ್ತಿರಲಿಲ್ಲ. ವಯರು ಕಿತ್ತಿದ್ದಾರೆ ಎಂದು ನಾನು ತಿಳಿಸಿದಾಗ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಅದೊಂದೇ ಮಾತು ಎರಡು ಸಲ ಹೇಳಿದ. ಮಾರನೆಯ ದಿನದಿಂದ ಮಾತು ನಿಂತಿತು. ಆ ಪುಟಕ್ಕೆ ನಾನು ಅರಿಸಿನ ಹಚ್ಚಿ ಇಟ್ಟುಕೊಂಡಿದ್ದೆ.

ಗುಡುಗು ಹತ್ತಿರವಾಯಿತು. ಪುಟ್ಟಸ್ವಾಮಿ ಸ್ಕ್ರೂ ಮೇಲೆ ಮೊನೆ ಇಟ್ಟರು.

ಕೆಂಪಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. “ನಂಗೆ ಓದಕ್ ಬರಾಕಿಲ್ಲ. ಅದೇನ್ ಬರ್ಕಂಡಿದೀಯೋ ಓದವ್ವ.”

“ಬಲಗಡೆಗೆ ಏಳು” ಎಂದು ಓದಿದೆ.

“ಬಲಗಡೀಕೆ ಏನಂತ ಏಳಾದು?”

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಬಲಗಡೆಗೆ ಏನು ಹೇಳಬೇಕು ಎಂದು ಕೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಹಕಾರ ಇರಲಿಲ್ಲ. ಮಂಡ್ಯದಲ್ಲಿ ಅಂಗಡಿ ಇಟ್ಟು ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನ್ನ ಬಾಯಿಗೆ ಅದು ಬಂತು. ಮಾದೇಶನಿಗೆ ಬರಲೇ ಇಲ್ಲ. ಅಂಗಡಿಯ ಹಿಂದೆ ಕೂತು ಬೆಸುಗೆ ಹಾಕುವಾಗ ಅವನು ತನ್ನಷ್ಟಕ್ಕೆ ಗೊಣಗುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು: ಇದು ಕೇಳಾದು, ಇದು ಏಳಾದು. ಅವನು ನಂಬರು ಹೇಳಿರಲಿಲ್ಲ. ಬಲಗಡೆಗೆ ಹೇಳುವುದು. ಹೇಳುವ ರೇಡಿಯೊದ ವಯರು. ಚೀಟಿಗಳ ನಂಬರು ನನ್ನ ತಲೆಯಲ್ಲಿದ್ದುದರಿಂದ ನಾನು ಅದನ್ನು ಅಂಕಿಯಾಗಿ ಬರೆದುಬಿಟ್ಟಿದ್ದೆ.

“ತಿರುಗಿಸ್ಬೇಡಿ” ಎಂದು ಕೂಗಿಬಿಟ್ಟೆ. ಪುಟ್ಟಸ್ವಾಮಿ ಬೆಚ್ಚಿ ಕೈ ಎತ್ತಿದರು.

ವಿಷಯ ಹೇಳಿದೆ. ಅವರು ಡಬ್ಬಿಗಳನ್ನು ನೋಡಿದರು, ನೋಟುಬುಕ್ಕು ನೋಡಿದರು. “ಎರಡನ್ನೂ ಅದಲುಬದಲು ಮಾಡ್ಬೇಕು ಅಂತೀರಿ. ನಿಮ್ಮ ಊಹೆ ತಪ್ಪಾಗಿದ್ರೆ, ಹೇಳೋ ರೇಡಿಯೊ ಈಗ್ಲೇ ಕಾದು ಕೂತಿದೆ, ಒಂದೇ ಏಟಿಗೆ ಸುಟ್ಟೋಗುತ್ತೆ. ಇನ್ನೊಂದಿಲ್ಲ ನಮ್ಮತ್ರ. ಮೇಲಾಗಿ ಇದು ಸತ್ತವನ ಮಾತು ಅಕ್ಕ. ಅವನು ಏಳು ಅಂದಿದ್ದನ್ನ ನಾನು ಹೆಂಗೆ ದಾಟ್ಲಿ?”

“ಅದು ಅವನ ಮಾತಲ್ಲ. ನನ್ನ ಅಕ್ಷರ” ಅಂದೆ.

ಅವರು ಸ್ಕ್ರೂಡ್ರೈವರು ಕೆಳಗಿಟ್ಟರು. ವಯರು ಬಿಚ್ಚಲು ನಾನೇ ಮುಂದಾದೆ. ಹಿತ್ತಾಳೆಯ ತಿರುಪು ಬಿಗಿಯಾಗಿತ್ತು. ಸೆರಗು ಸುತ್ತಿ ಹಿಡಿದು ತಿರುಗಿಸಿದೆ. ಏಳನೆಯದು ಎಡಕ್ಕೆ ಹೋಯಿತು. ನಾಲ್ಕನೆಯದು, ಹೇಳುವುದು, ಬಲಕ್ಕೆ. ರೇಡಿಯೊ ಆರಲೆಂದು ಕೆಂಪಮ್ಮ ಮೊರದಿಂದ ಗಾಳಿ ಬೀಸಿದಳು. ಹೊರಗೆ ಮೊದಲ ಹನಿಗಳು ಬಂಡೆಯ ಮೇಲೆ ಬಿದ್ದವು.

ಪುಟ್ಟಸ್ವಾಮಿ ಫೋನಿನಲ್ಲಿ, “ಚಿಕ್ಕಣ್ಣ, ಈಗ ಕರಿ. ಒಂದೇ ಸಲ. ಚಿಕ್ಕದಾಗಿ” ಅಂದು ಸ್ವಿಚ್ಚು ಹಾಕಿದರು. ಹೇಳುವ ರೇಡಿಯೊದ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಟಪ್ ಎಂದು ಒಂದು ಕೆಂಪು ದೀಪ ಹತ್ತಿತು. ನನ್ನ ಕೈಯ ರೇಡಿಯೊದಲ್ಲಿ ಸದ್ದು ನಿಂತು, ಚೊಕ್ಕವಾಗಿ, ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಚಿಕ್ಕಣ್ಣನ ದನಿ ಬಂತು: “ಕೇಳ್ತಾ ಐತಾ? ಲೋ ಸ್ವಾಮಿ, ಕೇಳ್ತಾ ಐತೇನ್ಲಾ?”

ಪುಟ್ಟಸ್ವಾಮಿ ಅಂಗೈ ತೆಗೆಯದೆ, “ಬಿಸಿ ಏರ್ತಿಲ್ಲ ಅಕ್ಕ” ಎಂದು ಎರಡು ಸಲ ಹೇಳಿದರು.

“ಅಳಾದೆಲ್ಲ ಕೆಳೀಕೋಗಿ ಅಳಿ” ಎಂದು ಕೆಂಪಮ್ಮ ನಮ್ಮಿಬ್ಬರನ್ನೂ ಹೊರಗೆ ದೂಡಿ ಬೀಗ ಹಾಕಿದಳು. ಹಳೆಯ ಬ್ಯಾಟರಿಯನ್ನು ಅಲ್ಲೇ ಬಿಟ್ಟೆವು. ಅರ್ಧ ದಾರಿಗೆ ಮಳೆ ಹಿಡಿಯಿತು. ಬುಡದಲ್ಲಿದ್ದ ಅವಳ ಮನೆಯ ಜಗಲಿಯಲ್ಲಿ ಕೂತು ನೆನೆದ ಚಪಾತಿ ತಿಂದೆವು. ಗುಡ್ಡದ ನೆತ್ತಿಯ ಮೇಲೆ ಮಿಂಚು ಹೊಡೆದಾಗಲೆಲ್ಲ ಮೂವರೂ ತಲೆ ಎತ್ತಿ ನೋಡುತ್ತಿದ್ದೆವು. ನಾಲ್ಕಕ್ಕೆ ಮಳೆ ಹೊಳವಾಯಿತು. ರೇಡಿಯೊ ಹಚ್ಚಿದರೆ ಪೆಟ್ಟಿಗೆ ಇನ್ನೂ ಮಾತಾಡುತ್ತಿತ್ತು.

ಮಳವಳ್ಳಿಯಲ್ಲಿ ಪುಟ್ಟಸ್ವಾಮಿ ಮದ್ದೂರಿನ ಬಸ್ಸು ಹತ್ತಿದರು, ನಾನು ಮಂಡ್ಯದ್ದು. ಆರಕ್ಕೆ ಕಿಟಕಿಯ ಪಕ್ಕ ರೇಡಿಯೊ ಕಿವಿಗೆ ಹಿಡಿದುಕೊಂಡೆ. ಹಾಜರಿ ಕೂಗುತ್ತಿದ್ದವರು ಚಿಕ್ಕಣ್ಣ. ಮಂಡ್ಯದಿಂದ ಇಬ್ಬರು ಬಂದರು. ಮದ್ದೂರಿನ ದಾರಿಯಿಂದ, ಬಸ್ಸಿನ ಸದ್ದಿನ ನಡುವೆ ಪುಟ್ಟಸ್ವಾಮಿ ಬಂದರು. ಬ್ಲಫಿನ ಕಣಿವೆಯಿಂದ ಒಬ್ಬರು, ಎಷ್ಟೋ ದಿನದ ಮೇಲೆ ಎಂದು ಹೇಳಿಕೊಂಡು ಬಂದರು. ಒಬ್ಬರು, “ಏನಾಗಿತ್ತಣ್ಣ ಪೆಟ್ಟಿಗೆಗೆ?” ಎಂದು ಕೇಳಿದರು.

“ಒಂದು ಅಕ್ಷರ ಬಿದ್ದೋಗಿತ್ತು” ಅಂದರು ಪುಟ್ಟಸ್ವಾಮಿ. “ಜಯಕ್ಕ ಬಂದು ಹಾಕಿದ್ರು.”

ಆಮೇಲೆ ಚಿಕ್ಕಣ್ಣನ ದನಿ ಬಂತು. “ಜಯಕ್ಕ ಕೇಳ್ತಿರಬೋದು. ಪರವಾನಗಿ ಇಲ್ಲ, ಮಾತಾಡೋ ಹಂಗಿಲ್ಲ. ಅದಕ್ಕೆ ಎಲ್ರೂ ಒಂದು ಗಳಿಗೆ ಗುಂಡಿ ಬುಡಿ. ಅವರ ಸರದಿ.”

ನನ್ನ ಹೆಬ್ಬೆರಳು ಗುಂಡಿಯ ಪಕ್ಕದಲ್ಲಿತ್ತು. ಒತ್ತಲಿಲ್ಲ. ಕಿಟಕಿಯಾಚೆ ಒದ್ದೆ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ದಕ್ಷಿಣಕ್ಕೆ ತಿರುಗಿ ನೋಡಿದೆ. ಮೋಡದಲ್ಲಿ ಗುಡ್ಡ ಕಾಣಲಿಲ್ಲ. ರೇಡಿಯೊದಲ್ಲಿ ಯಾರ ದನಿಯೂ ಇಲ್ಲ. ಎಲ್ಲರೂ ಕಾಯುತ್ತಿದ್ದರು.

“ಹಾಜರಿ ಬರ್ಕಂಡೆ ಅಕ್ಕ” ಅಂದರು ಚಿಕ್ಕಣ್ಣ. “ಮುಂದೆ ಯಾರು?”